ದೃಶ್ಯ ಅಳಿಸಿಹೋಗುವ ಮುನ್ನ ಒಂದು ಅರ್ಜಿ ತೆಗೆದುಕೊಳ್ಳಿ

ದಾವಣಗೆರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಮತ್ತು ದಾವಣಗೆರೆ ಮಹಾನಗರ ಪಾಲಿಕೆ ಆಯುಕ್ತರು, ಇವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಈ ಊರಿನ ಅಂಗಡಿ, ಮನೆ, ಗೋದಾಮು, ಕಲ್ಯಾಣ ಮಂಟಪಗಳಿಗೆ ಸಿ.ಸಿ. ಟಿ.ವಿ. ಕ್ಯಾಮೆರಾ ಜೋಡಿಸಿಕೊಡುವ ಕೆಲಸದವನು. ಕ್ಯಾಮೆರಾ ಹೆಚ್ಚಾದಷ್ಟೂ ನನ್ನ ಗಲ್ಲಾಪೆಟ್ಟಿಗೆಗೆ ಒಳ್ಳೆಯದು. ಆದ್ದರಿಂದ ಕಣ್ಗಾವಲೇ ಬೇಡ ಎನ್ನುವವರ ಪರವಾಗಿ ಈ ಪತ್ರ ಬರೆಯುತ್ತಿಲ್ಲ. ನನ್ನ ಕೋರಿಕೆ ಚಿಕ್ಕದು. ವಸ್ತು ಕಳೆದುಕೊಂಡವರು, ಅಪಘಾತದಲ್ಲಿ ಪೆಟ್ಟು ತಿಂದವರು, ಬೆನ್ನು ಹತ್ತಿ ಬಂದವನಿಂದ ತಪ್ಪಿಸಿಕೊಂಡು ಬಂದ ಹೆಣ್ಣುಮಕ್ಕಳು ನಿಮ್ಮ ಬಳಿ ಬಂದು ‘ಇಂಥ ಜಾಗದ, ಇಂಥ ಹೊತ್ತಿನ ದೃಶ್ಯವನ್ನು ಉಳಿಸಿಡಿ’ ಎಂದರೆ ಆ ಅರ್ಜಿ ತೆಗೆದುಕೊಂಡು ಸಹಿ ಹಾಕಿ ಕೊಡುವ ಒಂದು ಕೌಂಟರ್ ತೆರೆಯಿರಿ. ಹೊಸ ಕಂಬ, ಹೊಸ ಕ್ಯಾಮೆರಾ, ಮುಖ ಗುರುತಿಸುವ ಹೊಸ ತಂತ್ರಾಂಶ ಎಲ್ಲವೂ ಅದರ ನಂತರ ಬರಲಿ.

2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಹೊರಬಿದ್ದಾಗ ಅದರಲ್ಲಿ ಕರ್ನಾಟಕದ ಹೆಸರುಗಳಿದ್ದದ್ದು ಎರಡೇ, ಬೆಳಗಾವಿ ಮತ್ತು ದಾವಣಗೆರೆ. ಬೆಂಗಳೂರಿಗಿಂತ ಮೊದಲು ನಮ್ಮ ಊರು ಬಂತಲ್ಲ ಎಂದು ಬೆಣ್ಣೆದೋಸೆ ಹೋಟೆಲುಗಳಲ್ಲಿ ಬೀಗಿದವರಲ್ಲಿ ನಾನೂ ಒಬ್ಬ. ಆಮೇಲೆ ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಆ ಧೂಳಿನ ನಡುವೆ ಬಂದ ಉಪಯುಕ್ತ ಕೆಲಸಗಳಲ್ಲಿ ನಗರದ ಕ್ಯಾಮೆರಾಗಳನ್ನೆಲ್ಲ ಒಂದೇ ಕಡೆ ಕುಳಿತು ನೋಡುವ ಕಮಾಂಡ್ ಸೆಂಟರ್ ಕೂಡ ಒಂದು ಎಂದು ಈಗಲೂ ನಂಬಿದ್ದೇನೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ಊರಿದು. ಶಾಮನೂರು, ಕುಂದುವಾಡ, ಹದಡಿ ರಸ್ತೆ, ಯಾವ ಕಡೆ ಹೋದರೂ ನಿನ್ನೆ ಭತ್ತ ಇದ್ದ ಗದ್ದೆಯಲ್ಲಿ ಇಂದು ನಿವೇಶನದ ಕಲ್ಲು ನೆಟ್ಟಿದ್ದಾರೆ. ಓದಲು ಬಂದು ಬಾಡಿಗೆ ಕೋಣೆಗಳಲ್ಲಿ ಇರುವ ಹುಡುಗ ಹುಡುಗಿಯರಿಗೆ ಲೆಕ್ಕವಿಲ್ಲ. ಎಲ್ಲ ಗಲ್ಲಿಗಳಲ್ಲೂ ಪೊಲೀಸರು ಇರಲು ಸಾಧ್ಯವಿಲ್ಲ ಎಂಬುದು ನಿಜ. ಕ್ಯಾಮೆರಾ ಬೇಕು ಎಂಬುದೂ ನಿಜ.

ಆದರೆ ಕ್ಯಾಮೆರಾ ಎಂದರೆ ಹೊರಗೆ ಕಾಣುವ ಮಸೂರವಷ್ಟೇ ಅಲ್ಲ, ಒಳಗಿರುವ ಹಾರ್ಡ್ ಡಿಸ್ಕ್ ಕೂಡ. ಅದರ ಲೆಕ್ಕ ಹೀಗಿದೆ. ಎರಡು ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ದಾಖಲಿಸಿದರೆ ದಿನವೊಂದಕ್ಕೆ 21.6 ಗಿಗಾಬೈಟ್ ಜಾಗ ಬೇಕು. ನಾಲ್ಕು ಕ್ಯಾಮೆರಾ, ಒಂದು ಟೆರಾಬೈಟ್ ಡಿಸ್ಕ್, ಇದು ನಮ್ಮ ಊರಿನ ಸಾಧಾರಣ ಅಂಗಡಿಯ ಜೋಡಣೆ. ಹನ್ನೊಂದು ಹನ್ನೆರಡು ದಿನಕ್ಕೆ ಡಿಸ್ಕ್ ತುಂಬುತ್ತದೆ. ತುಂಬಿದ ಮೇಲೆ ಯಂತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ, ಅತ್ಯಂತ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ 2017ರಿಂದ ಇದೆ. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯವನ್ನು 30 ದಿನ ಉಳಿಸಿಕೊಳ್ಳಬೇಕು ಎನ್ನುತ್ತದೆ ಅದು. ಮೂವತ್ತು ದಿನ ಉಳಿಯಬೇಕಾದರೆ ಅದೇ ಅಂಗಡಿಗೆ ಎರಡೂವರೆ ಟೆರಾಬೈಟ್‌ಗೂ ಹೆಚ್ಚು ಬೇಕು. ಗ್ರಾಹಕರಿಗೆ ಇದನ್ನು ಹೇಳಿದರೆ ‘ಸದ್ಯಕ್ಕೆ ಒಂದು ಹಾಕಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಆ ‘ಆಮೇಲೆ’ ಬರುವುದು ಕಳ್ಳತನವಾದ ಮರುದಿನ.

ಈಗ ನನ್ನ ಗ್ರಾಹಕರೊಬ್ಬರಿಗೆ ಆದದ್ದನ್ನು ಹೇಳುತ್ತೇನೆ. ಆಸ್ಪತ್ರೆಯಲ್ಲಿದ್ದ ತಾಯಿಗೆ ಊಟ ಕೊಟ್ಟು ಹೊರಗೆ ಬಂದರೆ ಆ ಹೆಣ್ಣುಮಗಳ ಸ್ಕೂಟರ್ ಇರಲಿಲ್ಲ. ಎದುರಿನ ಕಂಬದ ಮೇಲೆ ಕ್ಯಾಮೆರಾ ಇತ್ತು, ಅದು ಸ್ಕೂಟರ್ ನಿಂತ ಜಾಗದ ಕಡೆಗೇ ಮುಖ ಮಾಡಿತ್ತು. ಒಂದು ಕಚೇರಿಯಲ್ಲಿ ದೂರು ಕೊಟ್ಟು ‘ಕ್ಯಾಮೆರಾ ನೋಡಿ’ ಎಂದರು. ಕ್ಯಾಮೆರಾ ನಮ್ಮದಲ್ಲ, ಇನ್ನೊಂದು ಕಚೇರಿಯನ್ನು ಕೇಳಿ ಎಂಬ ಉತ್ತರ ಬಂತು. ಅಲ್ಲಿಗೆ ಹೋದರೆ ಮೊದಲ ಕಚೇರಿಯಿಂದ ಪತ್ರ ತನ್ನಿ ಎಂದರು. ಪತ್ರ ಕೊಡಬೇಕಾದವರು ಬಂದೋಬಸ್ತ್‌ಗೆ ಹೋಗಿದ್ದರು. ಪತ್ರ ಸಿಕ್ಕಿತು, ಆ ಹೊತ್ತಿಗೆ ದೃಶ್ಯ ಇರಲಿಲ್ಲ. ಯಾವ ಕಚೇರಿ, ಯಾವ ಅಧಿಕಾರಿ ಎಂದು ಇಲ್ಲಿ ಬರೆಯುವುದಿಲ್ಲ. ಯಾರೂ ಸುಳ್ಳು ಹೇಳಲಿಲ್ಲ, ಲಂಚ ಕೇಳಲಿಲ್ಲ, ಗದರಲೂ ಇಲ್ಲ. ಯಂತ್ರ ತನ್ನ ಪಾಡಿಗೆ ಅಳಿಸಿಕೊಂಡು ಹೋಗುತ್ತಿದ್ದಾಗ ಅದನ್ನು ತಡೆಯುವುದು ತನ್ನ ಕೆಲಸ ಎಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ.

ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ ಎಂದು ನೀವು ಹೇಳಬಹುದು. ಆ ಕಾಯ್ದೆಯಡಿ ಉತ್ತರ ಕೊಡಲು ಅಧಿಕಾರಿಗೆ ಇರುವ ಸಮಯ 30 ದಿನ. ದೃಶ್ಯ ಉಳಿಯುವುದು ಹೆಚ್ಚೆಂದರೆ 30 ದಿನ. ಅರ್ಜಿದಾರ ಎರಡು ದಿನ ತಡವಾಗಿ ಅರ್ಜಿ ಹಾಕಿದರೆ ಮುಗಿಯಿತು, ‘ಕೋರಿದ ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರ ಕಾನೂನು ಪ್ರಕಾರ, ಸಕಾಲಕ್ಕೆ, ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತದೆ.

ಆ ಕೌಂಟರ್ ಹೇಗಿರಬೇಕು ಎಂಬುದರ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯವಿದೆ. ಉಳಿಸುವುದು ಬೇರೆ, ತೋರಿಸುವುದು ಬೇರೆ ಎಂಬ ಒಂದೇ ತತ್ವದ ಮೇಲೆ ಅದು ನಡೆಯಬೇಕು. ಒಂದು ಹಾಳೆಯ ಅರ್ಜಿ ಸಾಕು: ಜಾಗ, ದಿನಾಂಕ, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಏನಾಯಿತು. ಎಫ್‌ಐಆರ್ ಆಗಿರಲೇಬೇಕೆಂಬ ಷರತ್ತು ಬೇಡ, ಅದು ಆಗುವ ಹೊತ್ತಿಗೆ ವಾರ ಕಳೆದಿರುತ್ತದೆ. ಅರ್ಜಿದಾರರಿಗೆ ಸಂಖ್ಯೆ ಬರೆದ ಒಂದು ಚೀಟಿ ಕೊಡಿ. ಇಪ್ಪತ್ತನಾಲ್ಕು ಗಂಟೆಯೊಳಗೆ ಆ ತುಣುಕನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ ಬೀಗ ಹಾಕಿ. ಮೂರು ತಿಂಗಳು ಇಟ್ಟುಕೊಂಡು, ತನಿಖಾಧಿಕಾರಿಯೋ ನ್ಯಾಯಾಲಯವೋ ಕೇಳಿದರೆ ಮಾತ್ರ ತೆರೆಯಿರಿ. ಯಾರೂ ಕೇಳದಿದ್ದರೆ ಅಳಿಸಿಬಿಡಿ.

ಅರ್ಜಿದಾರರಿಗೇ ತೋರಿಸಿದರೆ ಏನಾಗುತ್ತದೆ ಎಂದು ಕೇಳಬಹುದು. ನನ್ನ ವೃತ್ತಿಯಲ್ಲಿ ಇದಕ್ಕೆ ಉತ್ತರ ವಾರಕ್ಕೊಮ್ಮೆಯಾದರೂ ಸಿಗುತ್ತದೆ. ‘ನನ್ನ ತಂಗಿ ಯಾವ ಹುಡುಗನ ಜೊತೆ ಬೈಕಿನಲ್ಲಿ ಹೋದಳು, ನಿಮ್ಮ ಅಂಗಡಿಯ ಕ್ಯಾಮೆರಾದಲ್ಲಿ ನೋಡಿ ಹೇಳಿ’ ಎಂದು ಬರುವ ಅಣ್ಣಂದಿರಿದ್ದಾರೆ. ಹೆಂಡತಿ ಎಷ್ಟು ಗಂಟೆಗೆ ಮನೆ ಬಿಟ್ಟಳು ಎಂದು ಎದುರುಮನೆಯ ಕ್ಯಾಮೆರಾ ಕೇಳುವ ಗಂಡಂದಿರಿದ್ದಾರೆ. ಸುರಕ್ಷತೆಗೆಂದು ಹಾಕಿದ ಕ್ಯಾಮೆರಾ ಹೆಣ್ಣುಮಕ್ಕಳ ಓಡಾಟದ ಲೆಕ್ಕ ಇಡುವ ಯಂತ್ರವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಬ್ರಿಟನ್‌ನಲ್ಲಿ ತನ್ನ ಚಿತ್ರವಿರುವ ದೃಶ್ಯವನ್ನು ಕೇಳಿ ಪಡೆಯುವ ಹಕ್ಕು ವ್ಯಕ್ತಿಗೆ ಇದೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಅಲ್ಲಿಯೂ ಬೇರೆಯವರ ಗೋಪ್ಯತೆಯನ್ನು ಕಾಪಾಡಿಯೇ ಕೊಡಬೇಕು. ನಮಗೆ ಅಷ್ಟು ದೂರ ಹೋಗುವ ಅಗತ್ಯ ಈಗಲೇ ಇಲ್ಲ. ಉಳಿಸಿಡಿ, ಬೀಗ ಹಾಕಿ, ಯಾರು ಯಾವಾಗ ತೆರೆದರು ಎಂದು ಬರೆದಿಡಿ. ಕಮಾಂಡ್ ಸೆಂಟರ್‌ನ ಪರದೆಯ ಮುಂದೆ ಕುಳಿತವರೂ ಆ ಪುಸ್ತಕದಲ್ಲಿ ಸಹಿ ಮಾಡಲಿ.

ಇನ್ನು ಖಾಸಗಿ ಕ್ಯಾಮೆರಾಗಳ ವಿಷಯ. ನಗರದ ಕಂಬಗಳಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಕ್ಯಾಮೆರಾಗಳು ಮಂಡಿಪೇಟೆಯಲ್ಲಿ, ಚೌಕಿಪೇಟೆಯಲ್ಲಿ, ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಇವೆ. ಯಾವ ಕಳ್ಳತನದ ತನಿಖೆಯೂ ಮೊದಲು ತಟ್ಟುವುದು ಆ ಅಂಗಡಿಗಳ ಬಾಗಿಲನ್ನು. ವರ್ತಕರು ಸಹಕರಿಸಬೇಕೆಂದು ನೀವು ಸಭೆಗಳಲ್ಲಿ ಹೇಳುತ್ತೀರಿ, ಸರಿ. ಆದರೆ ಸಹಕರಿಸಿದವರಿಗೆ ಎಷ್ಟೋ ಸಲ ಆಗುವುದೇನೆಂದರೆ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನೇ ಜಪ್ತಿ ಮಾಡಿ ಒಯ್ಯುತ್ತಾರೆ. ಅದು ಮುದ್ದೆಮಾಲು, ಅಂದರೆ ಪ್ರಕರಣದ ಸಾಕ್ಷ್ಯವಸ್ತು ಆಗುತ್ತದೆ. ಮರಳಿ ಬರಲು ನ್ಯಾಯಾಲಯದ ಆದೇಶ ಬೇಕು. ಅಲ್ಲಿಯವರೆಗೆ ಅಂಗಡಿ ಕುರುಡು. ಒಮ್ಮೆ ಹೀಗಾದ ವರ್ತಕ ಎರಡನೆಯ ಸಲ ಪೊಲೀಸರು ಬಂದಾಗ ‘ಕ್ಯಾಮೆರಾ ಕೆಟ್ಟಿದೆ ಸ್ವಾಮಿ’ ಎನ್ನುತ್ತಾನೆ. ಕೆಟ್ಟಿಲ್ಲ ಎಂಬುದು ನನಗೆ ಗೊತ್ತು, ಹಿಂದಿನ ವಾರ ನಾನೇ ಸರಿಮಾಡಿ ಬಂದಿರುತ್ತೇನೆ.

ಪೆಟ್ಟಿಗೆ ಒಯ್ಯುವ ಅಗತ್ಯ ಬಹುಪಾಲು ಪ್ರಕರಣಗಳಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಹಳೆಯ ಕಾಯ್ದೆಯ 65ಬಿ ಕಲಂನ ಜಾಗಕ್ಕೆ ಬಂದದ್ದು ಇದು. ನಕಲು ಮಾಡಿದ ದೃಶ್ಯವೂ ಸಾಕ್ಷ್ಯವಾಗುತ್ತದೆ, ಜೊತೆಗೆ ಎರಡು ಭಾಗದ ಪ್ರಮಾಣಪತ್ರ ಇರಬೇಕು, ಒಂದನ್ನು ಉಪಕರಣದ ಜವಾಬ್ದಾರಿ ಇರುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಕಡತವನ್ನು ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಖ್ಯೆ. ದೃಶ್ಯದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಪೆನ್‌ಡ್ರೈವ್‌ಗೆ ನಕಲು ಮಾಡಿ, ಅಂಗಡಿಯಲ್ಲೇ ಹ್ಯಾಶ್ ತೆಗೆದು, ಮಹಜರಿನಲ್ಲಿ ಬರೆದುಕೊಂಡರೆ ಅರ್ಧ ಗಂಟೆಯ ಕೆಲಸ. ಪ್ರತಿ ಠಾಣೆಯಲ್ಲಿ ಇದನ್ನು ಬಲ್ಲ ಇಬ್ಬರು ಸಿಬ್ಬಂದಿ ಇದ್ದರೆ ಸಾಕು. ಕಲಿಸಿಕೊಡಲು ನನ್ನಂಥವರು ಊರಿನಲ್ಲಿ ಸಾಕಷ್ಟು ಜನ ಇದ್ದೇವೆ.

ಗಡಿಯಾರದ ವಿಷಯ ಹೇಳದಿದ್ದರೆ ನನ್ನ ಸಹೋದ್ಯೋಗಿಗಳು ಬೈಯುತ್ತಾರೆ. ಡಿವಿಆರ್ ಒಳಗಿನ ಸಣ್ಣ ಬ್ಯಾಟರಿ ಸತ್ತರೆ, ಕರೆಂಟ್ ಹೋಗಿ ಬಂದಾಗ ಎಷ್ಟೋ ಯಂತ್ರಗಳಲ್ಲಿ ದಿನಾಂಕ 2000ನೇ ಇಸವಿಯ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ಬ್ಯಾಟರಿ ಸರಿಯಿದ್ದರೂ ತಿಂಗಳುಗಟ್ಟಲೆ ಅಂತರಜಾಲಕ್ಕೆ ಜೋಡಿಸದ ಯಂತ್ರ ಐದು ಹತ್ತು ನಿಮಿಷ ಹಿಂದೆಯೋ ಮುಂದೆಯೋ ಓಡುತ್ತಿರುತ್ತದೆ. ಹೀಗಾಗಿ ಆರೋಪಿ ಒಂದು ಅಂಗಡಿಯ ಕ್ಯಾಮೆರಾದಲ್ಲಿ 8.10ಕ್ಕೆ, ಅದಕ್ಕಿಂತ ಮೊದಲು ದಾಟಬೇಕಾದ ಅಂಗಡಿಯಲ್ಲಿ 8.17ಕ್ಕೆ ಕಾಣಿಸಿಕೊಳ್ಳುತ್ತಾನೆ. ಆರೋಪಿ ಪರ ವಕೀಲರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ದೃಶ್ಯ ತೆಗೆದುಕೊಳ್ಳುವಾಗ ಯಂತ್ರದ ಸಮಯ ಎಷ್ಟು, ಮೊಬೈಲ್‌ನ ಸಮಯ ಎಷ್ಟು ಎಂದು ಒಂದು ಸಾಲು ಬರೆದುಕೊಂಡರೆ ಈ ಉಡುಗೊರೆ ತಪ್ಪುತ್ತದೆ.

ಕಂಬದ ಮೇಲಿನ ಕ್ಯಾಮೆರಾದಲ್ಲಿ ಮುಖ ಕಾಣುವುದೇ ಇಲ್ಲ ಎಂಬ ದೂರು ಸಾಮಾನ್ಯ. ಅದಕ್ಕೂ ಲೆಕ್ಕವಿದೆ. ಕಣ್ಗಾವಲು ಕ್ಯಾಮೆರಾಗಳಿಗೆ 2014ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡವೊಂದರ ಲೆಕ್ಕ ಹೀಗಿತ್ತು. ದೃಶ್ಯದಲ್ಲಿ ಯಾರೋ ಇದ್ದಾರೆ ಎಂದು ತಿಳಿಯಲು ಮೀಟರ್‌ಗೆ 25 ಪಿಕ್ಸೆಲ್ ಸಾಕು. ಗೊತ್ತಿರುವವನನ್ನು ಗುರುತು ಹಿಡಿಯಲು 125. ಗೊತ್ತಿಲ್ಲದವನನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಗುರುತಿಸಲು 250. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1,920 ಪಿಕ್ಸೆಲ್. 250ರಿಂದ ಭಾಗಿಸಿ ನೋಡಿ, ಎಂಟು ಮೀಟರ್ ಕೂಡ ಆಗುವುದಿಲ್ಲ. ಪಿ.ಬಿ. ರಸ್ತೆಯ ಎರಡೂ ಬದಿಯನ್ನು ಒಂದೇ ಕ್ಯಾಮೆರಾದಲ್ಲಿ ತೋರಿಸಿ ‘ಇಡೀ ವೃತ್ತ ಕಾಣುತ್ತದೆ ನೋಡಿ’ ಎಂದು ಬೀಗಿದರೆ ಕಾಣುವುದು ವೃತ್ತವೇ, ಮುಖವಲ್ಲ. ಟೆಂಡರ್‌ನಲ್ಲಿ ‘ಇಷ್ಟು ಸಂಖ್ಯೆಯ ಕ್ಯಾಮೆರಾ’ ಎಂದು ಬರೆಯುವ ಬದಲು ‘ಈ ದಾರಿಯಲ್ಲಿ ಮುಖ ಗುರುತಿಸುವಷ್ಟು, ಈ ದಾರಿಯಲ್ಲಿ ವಾಹನದ ಸಂಖ್ಯೆ ಓದುವಷ್ಟು’ ಎಂದು ಬರೆಯಿಸಿ. ಗುತ್ತಿಗೆದಾರರಿಗೆ ಬೇಸರವಾಗಬಹುದು, ಆಗಲಿ.

ಎತ್ತರದ ಕಂಬ ಹತ್ತಿದವರಿಗೆ ಮಾತ್ರ ಗೊತ್ತಿರುವ ಶತ್ರುಗಳೂ ಇವೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ, ಜೇಡ ಮಸೂರದ ಮುಂದೆಯೇ ಬಲೆ ಕಟ್ಟುತ್ತದೆ, ಬಲೆ ಆ ಬೆಳಕಿಗೆ ಹೊಳೆದು ಚಿತ್ರವೆಲ್ಲ ಬಿಳಿಯಾಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಹೊಗೆಯ ಮಸಿ ಕೂರುತ್ತದೆ. ಹಬ್ಬ, ಹುಟ್ಟುಹಬ್ಬ, ಚುನಾವಣೆ ಬಂದರೆ ಫ್ಲೆಕ್ಸ್ ಕ್ಯಾಮೆರಾಕ್ಕೆ ಅಡ್ಡವಾಗುತ್ತದೆ. ನಾಯಕರ ನಗುಮುಖದ ಹಿಂಬದಿಯನ್ನು ಹದಿನೈದು ದಿನ ಚಿತ್ರೀಕರಿಸಿದ ಕ್ಯಾಮೆರಾವನ್ನು ನಾನು ಕಂಡಿದ್ದೇನೆ. ಒದ್ದೆ ಬಟ್ಟೆಯಿಂದ ತಿಂಗಳಿಗೊಮ್ಮೆ ಒರೆಸುವ ಕೆಲಸಕ್ಕೆ ಯಾವ ಉದ್ಘಾಟನೆಯೂ ಇಲ್ಲ, ಹಾಗಾಗಿ ಅದು ಆಗುವುದೂ ಇಲ್ಲ. ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಇನ್ನು ಮುಂದೆ ಆ ಒದ್ದೆ ಬಟ್ಟೆಯ ಖರ್ಚು ಯಾರದು? ಪಾಲಿಕೆಯ ಬಜೆಟ್‌ನಲ್ಲಿ ಕ್ಯಾಮೆರಾ ನಿರ್ವಹಣೆಗೆ ಪ್ರತ್ಯೇಕ ಸಾಲು ಇರಲಿ. ಪ್ರತಿ ತಿಂಗಳು ಎಷ್ಟು ಕ್ಯಾಮೆರಾ ಕೆಲಸ ಮಾಡುತ್ತಿವೆ, ಎಷ್ಟು ಮಾಡುತ್ತಿಲ್ಲ ಎಂದು ಪಾಲಿಕೆಯ ಸೂಚನಾ ಫಲಕದಲ್ಲಿ ಹಾಕಿ. ಕಳ್ಳರಿಗೆ ಗೊತ್ತಾಗುತ್ತದೆ ಎಂಬ ಅಂಜಿಕೆ ಬೇಡ, ಯಾವುದು ಹೊಲದ ಬೆರ್ಚಪ್ಪ ಎಂಬುದು ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ.

ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ನಡೆದ ಬ್ಯಾಂಕ್ ದರೋಡೆ ನಿಮಗೆ ನಾನು ನೆನಪಿಸಬೇಕಾಗಿಲ್ಲ. 17.7 ಕಿಲೋ ಚಿನ್ನ ಹೋಯಿತು. ಕಳ್ಳರು ಹೋಗುವಾಗ ಡಿವಿಆರ್ ಕೂಡ ಹೊತ್ತುಕೊಂಡು ಹೋದರು, ಶ್ವಾನದಳಕ್ಕೆ ವಾಸನೆ ಸಿಗದಂತೆ ಖಾರದ ಪುಡಿ ಎರಚಿದರು. ತಿಂಗಳುಗಟ್ಟಲೆ ತಿರುಗಿ, ಎಳೆ ಎಳೆ ಜೋಡಿಸಿ, ಮಧುರೈ ಜಿಲ್ಲೆಯ ಬಾವಿಯೊಂದರಿಂದ ಚಿನ್ನ ಮೇಲೆತ್ತಿದವರು ನಿಮ್ಮ ಇಲಾಖೆಯವರೇ. ನಮ್ಮ ಊರಿನ ಪೊಲೀಸರ ಬಗ್ಗೆ ಹೆಮ್ಮೆ ಪಟ್ಟ ದಿನ ಅದು. ಅದೇ ಪ್ರಕರಣ ನನ್ನ ಕಸುಬಿಗೆ ಕಲಿಸಿದ್ದು ಬೇರೆ. ದಾಖಲಾದದ್ದರ ಒಂದು ಪ್ರತಿ ಬೇರೆ ಕಡೆ ಇಲ್ಲದಿದ್ದರೆ ಹತ್ತು ಕ್ಯಾಮೆರಾ ಇದ್ದರೂ ಒಂದೂ ಇಲ್ಲದಂತೆಯೇ. ಅಂದಿನಿಂದ ಡಿವಿಆರ್ ಪೆಟ್ಟಿಗೆಯನ್ನು ಕ್ಯಾಷ್ ಕೌಂಟರ್ ಕೆಳಗೆ ಇಡಿ ಎನ್ನುವ ಗ್ರಾಹಕರಿಗೆ ನಾನು ಈ ಕಥೆ ಹೇಳುತ್ತೇನೆ. ಸಹಕಾರಿ ಸಂಘಗಳಿಗೆ, ಚಿನ್ನದಂಗಡಿಗಳಿಗೆ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಹಂಗಾಮಿನಲ್ಲಿ ನಗದು ಓಡಾಡುವ ಮಳಿಗೆಗಳಿಗೆ ನಿಮ್ಮಿಂದ ಒಂದು ಸುತ್ತೋಲೆ ಹೋದರೆ ನನ್ನ ಕಥೆಗಿಂತ ಹೆಚ್ಚು ಪರಿಣಾಮವಾಗುತ್ತದೆ.

ಕ್ಯಾಮೆರಾದಿಂದ ಅಪರಾಧ ಕಡಿಮೆಯಾಗುತ್ತದೆಯೇ? ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದು 2019ರಲ್ಲಿ ಪ್ರಕಟವಾಯಿತು. ಒಟ್ಟಾರೆ ಶೇ 13ರಷ್ಟು ಇಳಿಕೆ ಕಂಡುಬಂದಿತ್ತು. ವಾಹನ ನಿಲುಗಡೆ ಜಾಗಗಳಲ್ಲಿ ಪರಿಣಾಮ ಹೆಚ್ಚು, ಹಲ್ಲೆಯಂಥ ಅಪರಾಧಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಯಾರಾದರೂ ಕುಳಿತು ನೋಡುತ್ತಿದ್ದರೆ, ಜೊತೆಗೆ ಬೀದಿದೀಪದಂಥ ಬೇರೆ ಕ್ರಮಗಳೂ ಇದ್ದರೆ ಫಲ ಉತ್ತಮ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಬೈಕ್ ಕದಿಯುವವನು ಯೋಚಿಸಿ ಕದಿಯುತ್ತಾನೆ, ಕ್ಯಾಮೆರಾ ಕಂಡರೆ ಪಕ್ಕದ ಬೀದಿಗೆ ಹೋಗುತ್ತಾನೆ. ಕುಡಿದು ಚಾಕು ತೆಗೆಯುವವನು ತಲೆಯೆತ್ತಿ ಕಂಬ ನೋಡುವುದಿಲ್ಲ. ಹಾಗಾಗಿ ಆಸ್ಪತ್ರೆಗಳ ಎದುರು, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ವಾಹನ ನಿಲುಗಡೆಯಲ್ಲಿ ಮೊದಲು ಒಳ್ಳೆಯ ಕ್ಯಾಮೆರಾ ಇರಲಿ. ಹಾಸ್ಟೆಲುಗಳಿಂದ ಬಸ್ ನಿಲ್ದಾಣಕ್ಕೆ ಹೋಗುವ ಒಳದಾರಿಗಳಲ್ಲಿ ಮೊದಲು ದೀಪ ಬರಲಿ, ಆಮೇಲೆ ಕ್ಯಾಮೆರಾ. ಕತ್ತಲಲ್ಲಿ ಕ್ಯಾಮೆರಾಕ್ಕೂ ಸರಿಯಾಗಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಹಣದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದ್ದಾರೆಂದು ಇಲ್ಲಿಯೂ ಸಂಖ್ಯೆಯ ಹಿಂದೆ ಓಡುವುದು ಬೇಡ.

ಹೆಲ್ಮೆಟ್ ದಂಡದ ಬಗ್ಗೆ ಊರಿನಲ್ಲಿ ಸಾಕಷ್ಟು ಗೊಣಗಾಟವಿದೆ. ನಾನು ಅದಕ್ಕೆ ದನಿಗೂಡಿಸುವುದಿಲ್ಲ, ಹೆಲ್ಮೆಟ್ ಹಾಕಲಿ. ಒಂದು ಮಾತು ಮಾತ್ರ. ದಂಡದ ವಿಷಯ ಬಂದಾಗ ಕ್ಯಾಮೆರಾ ದೃಶ್ಯವನ್ನು ಹುಡುಕಿ, ವಾಹನದ ಸಂಖ್ಯೆ ಓದಿ, ಮಾಲೀಕರ ವಿಳಾಸ ಪತ್ತೆ ಮಾಡಿ, ಚಿತ್ರದ ಸಮೇತ ನೋಟಿಸ್ ಕಳಿಸುವ ವ್ಯವಸ್ಥೆಗೆ ಯಾವ ಕಚೇರಿಯ ಪತ್ರವೂ ಬೇಕಾಗುವುದಿಲ್ಲ. ಅದೇ ವ್ಯವಸ್ಥೆ ಕಳುವಾದ ಸ್ಕೂಟರ್ ಹುಡುಕಲು ಏಕೆ ಎಡವುತ್ತದೆ? ಜನ ಕೇಳುವ ಪ್ರಶ್ನೆ ಇದು, ಉತ್ತರ ನಿಮ್ಮಿಂದಲೇ ಬರಬೇಕು. ಅಂದಹಾಗೆ, ಇಲೆಕ್ಟ್ರಾನಿಕ್ ಜಾರಿಗೆ 2021ರ ಆಗಸ್ಟ್‌ನಲ್ಲಿ ಕೇಂದ್ರ ತಂದ ನಿಯಮಗಳು ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕ ಹಾಕಬೇಕು, ಉಪಕರಣಕ್ಕೆ ಪ್ರಮಾಣಪತ್ರ ಇರಬೇಕು ಎನ್ನುತ್ತವೆ. ಫಲಕಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಿ ದಯವಿಟ್ಟು ಹಾಕಿಸಿ.

ಮುಖ ಗುರುತಿಸುವ ತಂತ್ರಾಂಶದ ವಿಷಯದಲ್ಲಿ ನನ್ನ ನಿಲುವು ಖಡಾಖಂಡಿತ. ಸದ್ಯಕ್ಕೆ ಬೇಡ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯನ್ನೇ ತೆಗೆದುಕೊಳ್ಳಿ. ಒಂದು ಲಕ್ಷ ಜನ ಕ್ಯಾಮೆರಾ ಮುಂದೆ ಹಾದುಹೋದರು ಎಂದಿಟ್ಟುಕೊಳ್ಳೋಣ. ತಂತ್ರಾಂಶ ಸಾವಿರದಲ್ಲಿ ಒಂದು ಸಲ ಮಾತ್ರ ತಪ್ಪುತ್ತದೆ ಎಂದೂ ಇಟ್ಟುಕೊಳ್ಳೋಣ, ಅದು ಬಹಳ ಒಳ್ಳೆಯ ತಂತ್ರಾಂಶ. ನೂರು ಮಂದಿ ಅಮಾಯಕರನ್ನು ಅದು ಕಳ್ಳರೆಂದು ತೋರಿಸುತ್ತದೆ. ನಿಜವಾದ ಜೇಬುಗಳ್ಳರು ಆ ಜಾತ್ರೆಯಲ್ಲಿ ಐದೋ ಹತ್ತೋ ಜನ ಇರಬಹುದು. ಹಣ್ಣುಕಾಯಿ ಹಿಡಿದು ಹೆಂಡತಿ ಮಕ್ಕಳ ಜೊತೆ ಬಂದವನನ್ನು ಸಾಲಿನಿಂದ ಎಳೆದು ‘ನಿನ್ನ ಹೆಸರೇನು’ ಎಂದು ಕೇಳುವ ಆ ನೂರು ಸಂದರ್ಭಗಳಲ್ಲಿ ಅವಮಾನಕ್ಕೆ ಹೊಣೆ ಯಾರು? ಶೇ 80ಕ್ಕಿಂತ ಹೆಚ್ಚು ಹೋಲಿಕೆಯಿದ್ದರೆ ಅದನ್ನು ಖಚಿತವೆಂದು ಪರಿಗಣಿಸುತ್ತೇವೆ ಎಂದು ದೆಹಲಿ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಿದ್ದರು. ಆ 80 ಏಕೆ, 90 ಏಕಲ್ಲ ಎಂದು ನಿರ್ಧರಿಸಿದವರು ಯಾರು ಎಂಬುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದ್ದವರು ನಮ್ಮ ರಾಜ್ಯದ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕಿಗೆ ಸರ್ಕಾರ ಕೈಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಅಗತ್ಯ ಇರಬೇಕು, ಅಗತ್ಯಕ್ಕಿಂತ ಹೆಚ್ಚು ಕೈಹಾಕಬಾರದು ಎಂಬುದು ಆ ತೀರ್ಪಿನ ತಿರುಳು. ಮುಖ ಗುರುತಿಸುವ ಯಂತ್ರವನ್ನು ಈ ಮೂರರ ಮುಂದೆ ಇಟ್ಟು ನೋಡಿ. ಮೊದಲನೆಯದರಲ್ಲೇ ತಡವರಿಸುತ್ತದೆ.

ಇದರ ಜೊತೆಗೇ ಸೇರಿದ ಇನ್ನೊಂದು ಭಯವಿದೆ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು ಅಂತರಜಾಲದಲ್ಲಿ ಮಾರಾಟಕ್ಕೆ ಬಂದವು. ಕಂಪನಿ ಇಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾಗಳು ದಾವಣಗೆರೆಯಲ್ಲಿಯೂ ಇವೆ. 2025ರ ಏಪ್ರಿಲ್ 9ರಿಂದ ಹೊಸದಾಗಿ ಮಾರುವ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರ ಕಡ್ಡಾಯವಾಗಿದೆ. ಹಳೆಯವನ್ನು ಯಾರು ಪರೀಕ್ಷಿಸುತ್ತಾರೆ? ನಗರದ ಕಂಬಗಳಲ್ಲಿ ಇರುವುದೂ ಹಳೆಯವೇ.

ಜನರನ್ನು ನೋಡುವ ಕ್ಯಾಮೆರಾಗಳ ಬಗ್ಗೆ ಇಷ್ಟು ಬರೆದ ಮೇಲೆ ಠಾಣೆಯೊಳಗಿನ ಕ್ಯಾಮೆರಾದ ಬಗ್ಗೆ ಬರೆಯದಿದ್ದರೆ ಪತ್ರ ಅಪ್ರಾಮಾಣಿಕವಾಗುತ್ತದೆ. ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿ ದನಿಯನ್ನೂ ದಾಖಲಿಸುವ, ರಾತ್ರಿಯಲ್ಲೂ ಕಾಣುವ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತು. 2024ರ ಮೇ ತಿಂಗಳಲ್ಲಿ ಚನ್ನಗಿರಿಯಲ್ಲಿ ಏನಾಯಿತು ಎಂಬುದು ನೆನಪಿದೆ. ಠಾಣೆಗೆ ಕರೆತಂದ ವ್ಯಕ್ತಿಯೊಬ್ಬರು ಮೃತಪಟ್ಟರು, ಆಕ್ರೋಶಗೊಂಡ ಗುಂಪು ಠಾಣೆಯ ಮೇಲೆ ಎರಗಿತು, ವಾಹನಗಳು ಜಖಂಗೊಂಡವು, ನಿಮ್ಮ ಸಿಬ್ಬಂದಿಗೂ ಗಾಯಗಳಾದವು, ತನಿಖೆ ಸಿಐಡಿಗೆ ಹೋಯಿತು. ಆ ವ್ಯಕ್ತಿ ಠಾಣೆಯೊಳಗೆ ಎಷ್ಟು ಹೊತ್ತು ಇದ್ದರು, ಅಲ್ಲಿ ಏನಾಯಿತು ಎಂಬುದೇ ಅಂದು ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಇಂಥ ಪ್ರಶ್ನೆಗೆ ಕೂಡಲೇ, ಕುಟುಂಬದವರ ಮುಂದೆ, ದೃಶ್ಯ ತೋರಿಸಿ ಉತ್ತರ ಕೊಡುವ ರೂಢಿ ಇದ್ದರೆ ಅದು ಒಳಗಿರುವವರಿಗೂ ರಕ್ಷಣೆ, ಪೊಲೀಸರಿಗೂ ರಕ್ಷಣೆ. ಇಲ್ಲಿ ಮಾತ್ರ ‘ಉಳಿಸಿಡಿ, ತೋರಿಸಬೇಡಿ’ ಎಂಬ ನನ್ನ ತತ್ವವನ್ನು ನಾನೇ ಮುರಿಯುತ್ತೇನೆ. ಸರ್ಕಾರದ ಕೈಯಲ್ಲಿ ಇದ್ದವನ ವಿಷಯದಲ್ಲಿ ಉತ್ತರ ಕೊಡುವ ಹೊರೆ ಸರ್ಕಾರದ್ದೇ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗಣೇಶ ವಿಸರ್ಜನೆಯ ಹೊತ್ತಿಗೆ ನಗರದಲ್ಲಿ ಕಲ್ಲು ತೂರಾಟ ನಡೆದಾಗಲೂ ಇದೇ ಮಾತು. ಕಲ್ಲು ಎಸೆದವನು ಯಾರು, ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಯಾರು ಎಂದು ಬೇರ್ಪಡಿಸಲು ಒಳ್ಳೆಯ ದೃಶ್ಯಕ್ಕಿಂತ ಉತ್ತಮ ಸಾಕ್ಷಿ ಇಲ್ಲ. ಒಂದು ಓಣಿಯ ಮೇಲೆ ಹತ್ತು ಕ್ಯಾಮೆರಾ, ಇನ್ನೊಂದರ ಮೇಲೆ ಒಂದೂ ಇಲ್ಲ ಎಂದಾದರೆ ಮಾತ್ರ ಆ ಸಾಕ್ಷಿಯ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಕ್ಯಾಮೆರಾ ಎಲ್ಲಿ, ಏಕೆ ಎಂಬುದನ್ನು ವಾರ್ಡ್ ಮಟ್ಟದಲ್ಲಿ ಜನರನ್ನು ಕೂರಿಸಿಕೊಂಡು ತೀರ್ಮಾನಿಸಿ.

ಕೌಂಟರ್‌ಗೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಕಮಾಂಡ್ ಸೆಂಟರ್‌ನಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಬೀಗ ಹಾಕಬಹುದಾದ ಒಂದು ಸ್ಟೋರೇಜ್, ಪೊಲೀಸ್ ಮತ್ತು ಪಾಲಿಕೆಯಿಂದ ಒಬ್ಬೊಬ್ಬ ಸಿಬ್ಬಂದಿ. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತರೆ ‘ಅವರ ಪತ್ರ ತನ್ನಿ’ ಎನ್ನುವ ಪ್ರಶ್ನೆಯೇ ಬರುವುದಿಲ್ಲ. ಅಂಗಡಿಗಳ ಗಡಿಯಾರ ಸರಿಪಡಿಸುವುದು, ಪಾಸ್‌ವರ್ಡ್ ಬದಲಿಸುವುದು, ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂದು ಪರೀಕ್ಷಿಸುವುದು, ಈ ಕೆಲಸವನ್ನು ಮಂಡಿಪೇಟೆ ಮತ್ತು ಚೌಕಿಪೇಟೆಯಲ್ಲಿ ನಾವು ಕೆಲವು ಕ್ಯಾಮೆರಾ ಕೆಲಸದವರು ಸೇರಿ ಉಚಿತವಾಗಿ ಮಾಡಿಕೊಡಲು ಸಿದ್ಧರಿದ್ದೇವೆ. ಇಲಾಖೆಯಿಂದ ಒಬ್ಬರು ಜೊತೆಗೆ ಬಂದರೆ ಸಾಕು, ವರ್ತಕರು ಬಾಗಿಲು ತೆರೆಯುತ್ತಾರೆ. ಭಾನುವಾರ ಆದರೆ ಉತ್ತಮ. ಬೇರೆ ದಿನವಾದರೆ ಬೆಳಗ್ಗೆ ಹತ್ತಕ್ಕೆ ಮೊದಲು ಹೇಳಿ ಕಳುಹಿಸಿ, ಆಮೇಲೆ ನಾವು ಏಣಿಯ ಮೇಲೆ ಇರುತ್ತೇವೆ, ಫೋನ್ ತೆಗೆಯಲು ಆಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಯಾಮೆರಾ ಕೆಲಸದವನು
ವಿನೋಬನಗರ, ದಾವಣಗೆರೆ